ಹಂಪಮ್ಮನ ತಪ್ಪು ಜಾಯಿಂಟು

ಹೈದರಾಬಾದಿನ ಐಟಿ ಬೆಳೆದದ್ದರ ಬಗ್ಗೆ ಬರೆದವರೆಲ್ಲ ಗಾಜಿನ ಕಟ್ಟಡಗಳ ಫೋಟೋ ಹಾಕಿದರು. ಆ ಕಟ್ಟಡದೊಳಗಿನ ಕಂಪ್ಯೂಟರಿಗೆ ತಂತಿ ಎಲ್ಲಿಂದ ಬಂತು, ಯಾರು ತಂದರು ಎಂದು ಒಬ್ಬನಾದರೂ ಕೇಳಿದ್ದನ್ನು ನಾನು ಕಾಣೆ. ಓದಿದಾಗಲೆಲ್ಲ ಮೈ ಉರಿಯುತ್ತಿತ್ತು. ಬೇರೆಯವರು ಬರೆಯಲಿ ಎಂದು ಕಾದು ಕೂತದ್ದು ಸಾಕು. ಹಂಪಮ್ಮನ ಕತೆಯನ್ನು ನಾನೇ ಬರೆದುಬಿಡುತ್ತೇನೆ.

ನಾನು ಶಾರದಾಬಾಯಿ. ತವರು ಬೀದರ ಕಡೆ, ಮನೆ ನಾರಾಯಣಗೂಡದಲ್ಲಿ. ಉಪ್ಪಲ್ ಕಡೆಯ ಒಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಟೆಸ್ಟ್ ಡೆಸ್ಕಿನ ಮುಂದೆ ಕೂತೆ. ಯಾರ ಮನೆಯ ಫೋನು ಕೆಟ್ಟರೂ ಅದರ ಲೈನನ್ನು ಮೊದಲು ಪರೀಕ್ಷೆ ಮಾಡುವವಳು ನಾನು. ದುರಸ್ತಿಯಾದ ಮೇಲೆ ನಾನು ಪುಸ್ತಕದಲ್ಲಿ ‘ಓಕೆ’ ಎಂದು ಬರೆದರೆ ಮಾತ್ರ ಓಕೆ. ನನ್ನ ಬಾಯಿ ಜೋರು ಎನ್ನುವುದು ಎಕ್ಸ್‌ಚೇಂಜಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಂಪಮ್ಮ ಮಾನ್ವಿ ತಾಲ್ಲೂಕಿನವಳು. 1994ರಲ್ಲಿ ಅಣ್ಣ ಮೌನಪ್ಪನ ಜೊತೆ, ಕೇಬಲ್ ಹೂಳಲು ನೆಲ ತೋಡುವ ಗ್ಯಾಂಗಿನಲ್ಲಿ ಬಂದಳು. ಎಕ್ಸ್‌ಚೇಂಜಿನಲ್ಲಿ ಹೆಚ್ಚಾಗಿ ತೆಲುಗು ಇಲ್ಲವೇ ಹಿಂದಿ. ಮಧ್ಯಾಹ್ನ ನೀರು ತುಂಬಿಕೊಳ್ಳಲು ಬಂದವಳು ನನ್ನ ಡಬ್ಬಿಯಲ್ಲಿದ್ದ ಜೋಳದ ರೊಟ್ಟಿ ನೋಡಿ, “ಬಾಯಾರ, ನೀವು ನಮ್ ಕಡೆಯವರೇನ್ರಿ” ಎಂದಳು. ಅವತ್ತಿನಿಂದ ನನ್ನ ಊಟದ ಹೊತ್ತಿಗೆ ಅವಳ ಊಟವೂ ಸೇರಿತು. ಅವಳು ತರುತ್ತಿದ್ದ ಪುಂಡಿಪಲ್ಯಕ್ಕಾಗಿ ನಾನು ಎಷ್ಟೋ ಸಲ ನನ್ನ ಅನ್ನ ಸಾರು ಬಿಟ್ಟಿದ್ದೇನೆ.

ಆ ಕಾಲದಲ್ಲಿ ನಮ್ಮಲ್ಲಿ ಗುರುಸಿದ್ದಪ್ಪ ಎಂಬ ಜಾಯಿಂಟರ್ ಇದ್ದರು. ಕೇಬಲ್ಲು ಒಂದೇ ಉದ್ದಕ್ಕೆ ಬರುವುದಿಲ್ಲ. ತುಂಡು ತುಂಡಾಗಿ ಹೂಳಿ, ಒಂದರ ತುದಿಯ ತಂತಿಗಳನ್ನು ಇನ್ನೊಂದರ ತುದಿಯ ತಂತಿಗಳಿಗೆ ಬೆಸೆಯಬೇಕು. ನೂರು ಜೋಡಿಯ ಕೇಬಲ್ಲಾದರೆ ಇನ್ನೂರು ತಂತಿ. ಬಣ್ಣ ನೋಡಿ, ಲೆಕ್ಕ ತಪ್ಪದೆ, ಜಿಡ್ಡು ಮೆತ್ತಿದ ಬೆರಳಿನಲ್ಲಿ ಕೂದಲಿನಂಥ ತಂತಿ ಹಿಡಿದು ಮಾಡುವ ಕೆಲಸ ಅದು. ಅದನ್ನು ಮಾಡುವವನೇ ಜಾಯಿಂಟರ್. ಗುರುಸಿದ್ದಪ್ಪನವರದು ಬಂಗಾರದಂಥ ಕೈ. ಆದರೆ ನಿವೃತ್ತಿಗೆ ಆರು ವರ್ಷ ಇರುವಾಗಲೇ ಕಣ್ಣಿಗೆ ಪೊರೆ ಬಂತು, ಕಿತ್ತಳೆ ಯಾವುದು ಕಂದು ಯಾವುದು ತಿಳಿಯದಾಯಿತು. ಆಪರೇಶನ್ ಎಂದರೆ ಹೆದರಿ ಸಾಯುತ್ತಿದ್ದರು. ಕಣ್ಣು ಕಾಣುವುದಿಲ್ಲ ಎಂದು ಮೇಲಿನವರಿಗೆ ಹೇಳಲೂ ಹೆದರಿಕೆ.

ಹೀಗಾಗಿ ಹಂಪಮ್ಮನಿಗೆ ಕಲಿಸಿದರು. ಗುಂಡಿ ತೋಡಿದವಳೇ ಗುಂಡಿಯಲ್ಲಿ ಕೂತು ಬೆಸೆಯುತ್ತಿದ್ದಳು, ಗುರುಸಿದ್ದಪ್ಪ ದಂಡೆಯ ಮೇಲೆ ಕೊಡೆ ಹಿಡಿದು ಕೂತು ತಂತಿಯ ಲೆಕ್ಕ ಹೇಳುತ್ತಿದ್ದರು. ವರ್ಷದೊಳಗೆ ಲೆಕ್ಕ ಹೇಳುವ ಕೆಲಸವೂ ಇಲ್ಲದಾಯಿತು. ಜಾಯಿಂಟಿನ ರಿಜಿಸ್ಟರಿನಲ್ಲಿ ಸಹಿ ಮಾತ್ರ ಅವರದು. ಗ್ಯಾಂಗಿನವರಿಗೆಲ್ಲ ಇದು ಗೊತ್ತು, ನನಗೂ ಗೊತ್ತು. ಯಾರೂ ಬಾಯಿ ಬಿಡಲಿಲ್ಲ, ಮುದುಕ ಒಳ್ಳೆಯವನು ಎಂದು. ಅವರು ನಿವೃತ್ತರಾಗಿ, ಎರಡು ವರ್ಷಕ್ಕೆ ತೀರಿಯೂ ಹೋದರು. ಹಂಪಮ್ಮ ಕಾಗದದಲ್ಲಿ ಗುಂಡಿ ತೋಡುವವಳಾಗಿಯೇ ಉಳಿದಳು. ಕೂಡಲೇ ಆಗಬೇಕಾದ ಜಾಯಿಂಟು ಇದ್ದರೆ ಆಗಲೂ ಅವಳನ್ನೇ ಕರೆಯುತ್ತಿದ್ದರು, ಸಹಿ ಮಾಡಲು ಬೇರೆ ಯಾರೋ ಬರುತ್ತಿದ್ದರು.

2006ನೇ ಇಸವಿ. ಉಪ್ಪಲ್ ಸುತ್ತ ದಿನಕ್ಕೊಂದು ಕಂಪನಿ ಬೋರ್ಡು ಏಳುತ್ತಿದ್ದ ಕಾಲ. ಡಾಕ್ಟರುಗಳು ಮಾತಾಡಿದ್ದನ್ನು ಕೇಳಿ ಟೈಪ್ ಮಾಡುವ ಒಂದು ಕಂಪನಿ ನಮ್ಮಲ್ಲಿಗೆ ಬಂತು. ಅವರದು ಎರಡು ಕಟ್ಟಡ, ಒಂದು ಉಪ್ಪಲಿನಲ್ಲಿ, ಒಂದು ರಾಮಂತಾಪುರದಲ್ಲಿ. ಎರಡರ ನಡುವೆ ತಮ್ಮದೇ ಒಂದು ನೇರ ಲೈನು ಬೇಕು, ಅದೂ ಜೋರಾಗಿ ಓಡುವ ಲೈನು. ಫೈಬರ್ ಹಾಕೋಣವೆಂದರೆ ರಸ್ತೆಗೆ ಆಗಷ್ಟೇ ಡಾಂಬರು ಬಿದ್ದಿತ್ತು, ಎರಡು ವರ್ಷ ಅಗೆಯಲು ಬಿಡುವುದಿಲ್ಲ ಎಂದು ಮುನಿಸಿಪಾಲಿಟಿಯವರು ಹಟ ಹಿಡಿದಿದ್ದರು.

ನಮ್ಮ ಅಧಿಕಾರಿ ಚಂದ್ರಹಾಸ, ಗುಲ್ಬರ್ಗದ ಹುಡುಗ, ಬುದ್ಧಿವಂತ. ಹೊಸದಾಗಿ ಅಗೆಯುವುದೇಕೆ, ನೆಲದಲ್ಲಿ ಹಳೆಯ ತಾಮ್ರದ ತಂತಿ ಇದೆಯಲ್ಲ ಎಂದರು. ಒಂದು ಜೋಡಿ ತಂತಿಯಲ್ಲಿ ಸೆಕೆಂಡಿಗೆ ಎರಡು ಎಂಬಿ ಹೋಗುತ್ತದೆ. ನಾಲ್ಕು ಜೋಡಿಯನ್ನು ಒಟ್ಟಿಗೆ ಕಟ್ಟಿದರೆ ಎಂಟು. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ನಾಲ್ಕು ನಲ್ಲಿ ಬಿಟ್ಟು ಒಂದೇ ಹಂಡೆ ತುಂಬಿಸುವುದಿಲ್ಲವೇ, ಹಾಗೆ. ಈ ಕಡೆಯ ಮೋಡೆಮ್ ಡಬ್ಬಿ ಮಾಹಿತಿಯನ್ನು ನಾಲ್ಕು ಪಾಲು ಮಾಡಿ ಕಳಿಸುತ್ತದೆ, ಆ ಕಡೆಯ ಡಬ್ಬಿ ಅದನ್ನು ಕೂಡಿಸಿಕೊಳ್ಳುತ್ತದೆ. ಜನ ಮೊಬೈಲ್ ಕೊಂಡು ಮನೆಯ ಫೋನು ಬಿಡುತ್ತಿದ್ದರು, ಹಾಗಾಗಿ ಆ ದಾರಿಯ ಕೇಬಲ್ಲಿನಲ್ಲಿ ಒಳ್ಳೆಯ ಜೋಡಿ ನಾಲ್ಕು ಖಾಲಿ ಇದ್ದವು. ನಾಲ್ಕೇ. ಐದನೆಯದು ಇರಲಿಲ್ಲ.

ಇದೇ ಹೊತ್ತಿಗೆ ಗುತ್ತಿಗೆದಾರ ಅಂಬಾದಾಸ ಗ್ಯಾಂಗನ್ನು ಕಡಿಮೆ ಮಾಡಹೊರಟ. ತೋಡುವ ಕೆಲಸ ಮುಕ್ಕಾಲು ಪಾಲು ಮುಗಿದಿತ್ತು. ಬ್ರಾಡ್‌ಬ್ಯಾಂಡ್ ಲೈನು ನೋಡಿಕೊಳ್ಳುವ ಹೊಸ ತಂಡಕ್ಕೆ ಜಾಯಿಂಟರುಗಳು, ಅವರ ಕೈಕೆಳಗೆ ನಾಲ್ಕು ಗಂಡಾಳು ಸಾಕು, ಹೆಸರಿನ ಪಟ್ಟಿ ಶನಿವಾರ ಹೋಗಬೇಕು. ಹಂಪಮ್ಮ ಹೋಗಿ ಕೇಳಿದಳು. ಅವನು ಹಲ್ಲಿಗೆ ಕಡ್ಡಿ ಹಾಕಿಕೊಂಡೇ ಹೇಳಿದ, “ಜಾಯಿಂಟರ್ ಅಂತ ನಿನ್ನ ಹೆಸರು ಯಾವ ಕಾಗದದಾಗ ಐತಿ ತೋರ್ಸು. ತೋರ್ಸಿದ್ರ ಬರೀತೀನಿ.”

ತೋರಿಸಲು ಏನಿತ್ತು ಮಣ್ಣು? ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸೋಮವಾರದಿಂದ ಅವಳು ಯಾವುದಾದರೂ ಕಟ್ಟಡದಲ್ಲಿ ಇಟ್ಟಿಗೆ ಹೊರಬೇಕು.

“ಬಾಯಾರ, ಇಟ್ಟಂಗಿ ಹೊರಾಕ ನನಗ ನಾಚಿಕಿಲ್ರಿ,” ಎಂದಳು. “ಖರೆ, ಕೈಯಾಗ ವಿದ್ಯಾ ಇಟ್ಕೊಂಡು ಹೊರಬೇಕಲ್ರಿ, ಅದು ಭಾಳ ಚುಚ್ಚತೈತಿ.”

“ಲೈನು ಮೊದಲು ಏಳಲಿ, ಆಮೇಲೆ ಸಾಹೇಬರ ಕಿವಿಗೆ ಹಾಕ್ತೀನಿ,” ಎಂದು ನಾನು ಮಾತು ಕೊಟ್ಟೆ.

ಲೈನು ಏಳಲಿಲ್ಲ. ಬುಧವಾರ ಬೆಳಿಗ್ಗೆ ಪರೀಕ್ಷೆ ಮಾಡಿದೆವು. ಒಂದೊಂದೇ ಜೋಡಿ ಹಾಕಿದಾಗ ನಾಲ್ಕೂ ಚೆನ್ನಾಗಿ ಓಡಿದವು. ನಾಲ್ಕನ್ನೂ ಒಟ್ಟಿಗೆ ಕಟ್ಟಿದೊಡನೆ ಒಂದನೆಯ ಮತ್ತು ಎರಡನೆಯ ಜೋಡಿ ಒಂದಕ್ಕೊಂದು ಗುದ್ದಾಡಿ ಬಿದ್ದುಹೋದವು. ಚಂದ್ರಹಾಸ ಡಬ್ಬಿ ಬದಲಿಸಿದರು, ಪ್ಲಗ್ಗು ಬದಲಿಸಿದರು, ಮಧ್ಯಾಹ್ನದ ಊಟ ಬಿಟ್ಟರು. ನನ್ನ ಮೀಟರಿನಲ್ಲಿ ಎಲ್ಲ ಸರಿ ತೋರಿಸುತ್ತದೆ, ಲೈನು ಮಾತ್ರ ನಿಲ್ಲದು. ತಲೆ ಚಿಟ್ಟು ಹಿಡಿಯಿತು. ಕಂಪನಿಯ ಮ್ಯಾನೇಜರ್ ಶುಕ್ರವಾರ ಸಂಜೆಯವರೆಗೆ ನೋಡುತ್ತೇನೆ, ಆಗದಿದ್ದರೆ ಛಾವಣಿಯ ಮೇಲೆ ರೇಡಿಯೋ ಕಂಬ ನಿಲ್ಲಿಸಿಕೊಳ್ಳುತ್ತೇನೆ ಎಂದ.

ಸಂಜೆ ಚಂದ್ರಹಾಸ ರಿಜಿಸ್ಟರು ತೆಗೆದು ನೋಡಿದರು. “ಎಲ್ಲಾ ಗುರುಸಿದ್ದಪ್ಪನ ಸಹಿ. ಮುದುಕಗ ಕಣ್ಣು ಕಾಣತಿರಲಿಲ್ಲ ಅಂತ ಈಗ ಕೇಳಾಕತ್ತೀನಿ. ಏನೇನು ಬೆಸೆದಿಟ್ಟಾನೋ ಯಾರು ಬಲ್ಲರು. ಈ ದಾರಿಯ ಕೇಬಲ್ ನಂಬೂ ಹಂಗಿಲ್ಲ, ಬಿಟ್ಟುಬಿಡೋಣ,” ಎಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. ಬಾಗಿಲಲ್ಲಿ ಹಂಪಮ್ಮ ನಿಂತಿದ್ದಳು.

ಅವಳು ನನ್ನನ್ನು ಹೊರಗೆ ಕರೆದಳು. ನೀರಿನ ಟ್ಯಾಂಕಿನ ಹಿಂದೆ ನಿಂತು, ನನ್ನ ಮುಖ ನೋಡದೆ ಹೇಳಿದಳು, “ಆ ಒಂದು, ಎರಡು ಜೋಡಿ ಕೆಡಿಸಿದಾಕಿ ನಾನ್ರಿ ಬಾಯಾರ.”

1998ರ ಜೂನ್. ರಾಮಂತಾಪುರ ರಸ್ತೆಯಲ್ಲಿ ಜಾಯಿಂಟು ಹಾಕುವಾಗ ಮೋಡ ಕವಿದು ಬಂತು. ಒಂದು ಜೋಡಿ ಬಿಚ್ಚಿ, ಬೆಸೆದು, ಆಮೇಲೆ ಇನ್ನೊಂದು ಬಿಚ್ಚಬೇಕು ಎಂದು ಗುರುಸಿದ್ದಪ್ಪ ಸಾವಿರ ಸಲ ಹೇಳಿದ್ದರು. ಮಳೆಯ ಅವಸರಕ್ಕೆ ಅವಳು ಐದು ಜೋಡಿ ಒಟ್ಟಿಗೆ ಬಿಚ್ಚಿದಳು. ಅವುಗಳಲ್ಲಿ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಒಂದೊಂದು, ಆದರೆ ಅವುಗಳ ಜೊತೆಗಾರ ತಂತಿ ಐದೂ ಬಿಳಿ. ಬಿಚ್ಚಿದ ಮೇಲೆ ಯಾವ ಬಿಳಿ ಯಾರದು ಎಂದು ದೇವರೇ ಹೇಳಬೇಕು. ನೀಲಿಯ ಬಿಳಿ ಕಿತ್ತಳೆಗೆ ಹೋಯಿತು, ಕಿತ್ತಳೆಯ ಬಿಳಿ ನೀಲಿಗೆ ಬಂತು. ಜಾಯಿಂಟು ಮುಚ್ಚಿ ಮಣ್ಣು ಎಳೆದ ಮೇಲೆ ನಾನು ಡೆಸ್ಕಿನಿಂದ, ಎರಡು ನಂಬರು ಸತ್ತಿವೆ ಎಂದೆ. ಮತ್ತೆ ತೋಡಿದರೆ ಗುರುಸಿದ್ದಪ್ಪ ಒಬ್ಬ ಹೆಂಗಸಿನ ಕೈಲಿ ಕೆಲಸ ಮಾಡಿಸುವುದು ಬಯಲಾಗುತ್ತದೆ. ಅವಳು ಅರ್ಧ ಕಿಲೋಮೀಟರ್ ಆಚೆ, ರಸ್ತೆ ಬದಿಯ ಕೇಬಲ್ ಪೆಟ್ಟಿಗೆಗೆ ಓಡಿಹೋಗಿ, ಅಲ್ಲಿ ಆ ಎರಡು ಬಿಳಿ ತಂತಿಯನ್ನು ಅದಲು ಬದಲು ಮಾಡಿದಳು. ಫೋನು ಎರಡೂ ಬಂದವು.

ಎಂಟು ವರ್ಷ ಯಾರಿಗೂ ತಿಳಿಯಲಿಲ್ಲ. ಮಾತಾಡುವ ಫೋನಿಗೆ ತಂತಿ ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಿದರೆ ಸಾಕು. ಆದರೆ ಈ ಹೊಸ ಡಬ್ಬಿಗಳಿಗೆ ಜೋಡಿಯ ಎರಡು ತಂತಿ ದಾರಿಯುದ್ದಕ್ಕೂ ಒಂದನ್ನೊಂದು ಸುತ್ತಿಕೊಂಡೇ ಬರಬೇಕು. ಆ ಅರ್ಧ ಕಿಲೋಮೀಟರಿನಲ್ಲಿ ಇವುಗಳ ಬಿಳಿ ತಂತಿ ಬೇರೆಯವರ ಜೊತೆ ನಡೆದಿತ್ತು. ಅದಕ್ಕೇ ಒಂದರ ಗದ್ದಲ ಇನ್ನೊಂದಕ್ಕೆ ಹೋಗುತ್ತಿತ್ತು.

ನನಗೆ ಜೀವ ಬಂದಂತಾಯಿತು. ನನ್ನ ಬುದ್ಧಿ ಎಷ್ಟು ಕೀಳಾಗಿ ಓಡಿತು ಎನ್ನುವುದನ್ನೂ ಬರೆದುಬಿಡುತ್ತೇನೆ, ಯಾಕೆ ಮುಚ್ಚಿಡಲಿ. “ಬಾಯಿ ಮುಚ್ಕೊಂಡಿರು,” ಎಂದೆ. “ಜಾಯಿಂಟಿನಾಗ ನೀರು ಹೊಕ್ಕಿರಬೇಕು ಅಂತ ಹೇಳಿ ತೆಗಸ್ತೀನಿ. ನೀ ಸುಮ್ಮನ ಸರಿ ಮಾಡಿಬಿಡು. ಯಾರಿಗೂ ಗೊತ್ತಾಗಂಗಿಲ್ಲ. ತಪ್ಪು ಒಪ್ಪಿಕೊಂಡ್ರ ಶನಿವಾರದ ಪಟ್ಟಿ ಮರ್ತುಬಿಡು.”

ಅವಳು ಸೆರಗಿನ ತುದಿ ಸುರುಳಿ ಸುತ್ತಿದಳು. “ಸುಮ್ನಿದ್ರ ಅದು ಗುರುಸಿದ್ದಪ್ಪ ಕಾಕಾನ ತಪ್ಪಾಗತೈತ್ರಿ. ಸತ್ತ ಮನಿಷ್ಯಾ ಎದ್ದು ಬಂದು ನಂದಲ್ಲ ಅಂತಾನೇನ್ರಿ? ಮತ್ತ, ಆ ತಪ್ಪು ನಂದಲ್ಲ ಅಂದ್ರ ಆ ಜಾಯಿಂಟೂ ನಂದಲ್ಲ ಅಂದಂಗಾತು. ಅದೊಂದು ನಂದಲ್ಲ ಅಂದ್ಮ್ಯಾಲ ಉಳಿದವು ನನ್ನವು ಅಂತ ಯಾವ ಬಾಯಿಲೆ ಹೇಳ್ಲಿ?”

ನಾನು ಒಳಗೆ ಹೋಗಿ 1998ರ ದೂರಿನ ಪುಸ್ತಕ ತೆಗೆದು ನೋಡಿದೆ, ಆ ಎರಡು ನಂಬರಿನ ಮುಂದೆ ನನ್ನ ಕೈಯ ‘ಓಕೆ’ ಇತ್ತು.

ಗುರುವಾರ ಬೆಳಿಗ್ಗೆ ಅವಳು ನೇರ ಚಂದ್ರಹಾಸರ ಮೇಜಿನ ಮುಂದೆ ಹೋಗಿ ನಿಂತಳು. ಅಂಬಾದಾಸನೂ ಅಲ್ಲೇ ಕೂತಿದ್ದ. “ಸಾಹೇಬ್ರ, ಆ ಜಾಯಿಂಟು ಗುರುಸಿದ್ದಪ್ಪ ಕಾಕಾಂದಲ್ರಿ. ನಂದು. ತಪ್ಪೂ ನಂದ,” ಎಂದು ಶುರು ಮಾಡಿ ಎಲ್ಲವನ್ನೂ ಹೇಳಿದಳು. ಅಂಬಾದಾಸ ನಕ್ಕ. “ಪಟ್ಟಿಯಾಗ ಹೆಸರು ಬರ್ಲಿ ಅಂತ ಕತಿ ಕಟ್ಟಾಕತ್ತಾಳ್ರಿ. ಕ್ಯಾ ಡ್ರಾಮಾ ಹೈ.”

ನನಗೆ ತಡೆಯಲಾಗಲಿಲ್ಲ. “ಅವತ್ತು ಡೆಸ್ಕಿನಾಗ ಓಕೆ ಅಂತ ಬರದಾಕಿ ನಾನು. ಡ್ರಾಮಾ ಅಂದ್ರ ನನ್ನೂ ಸೇರ್ಸಿಕೋ,” ಎಂದೆ.

ಚಂದ್ರಹಾಸ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಹಂಪಮ್ಮನನ್ನು ಕೇಳಿದರು, “ತೆಗೆದು ನೋಡಿದ್ರ ಒಳಗ ಏನೈತಿ, ಈಗಲೇ ಹೇಳು.”

“ಒಂದನೇದು, ಎರಡನೇದರ ಬಿಳಿ ಅದಲಾಬದಲಿ ಅದಾವ್ರಿ. ಕಟ್ಟಾಕ ದಾರ ತೀರಿತ್ತು. ನನ್ನ ಹಸರ ಸೀರಿ ಅಂಚು ಹರದು ಕಟ್ಟೀನ್ರಿ.”

ನನ್ನ ನೌಕರಿಯಲ್ಲಿ ಮೊದಲ ಸಲ ಡೆಸ್ಕು ಬಿಟ್ಟು ಗುಂಡಿಯ ಹತ್ತಿರ ಹೋದೆ. ಆ ರಸ್ತೆಯ ಗುರುತೇ ಸಿಗುವಂತಿರಲಿಲ್ಲ, ಅಂಗಡಿಗಳೆಲ್ಲ ಹೊಸವು. ಹಂಪಮ್ಮ ವಿದ್ಯುತ್ ಕಂಬವೊಂದಕ್ಕೆ ಬೆನ್ನು ಕೊಟ್ಟು ನಿಂತು, ಹತ್ತೊಂಬತ್ತು ಹೆಜ್ಜೆ ನಡೆದು, ರಸ್ತೆಯ ಪಕ್ಕದ ಮಣ್ಣಿನಲ್ಲಿ ಹಾರೆಯಿಂದ ಗೆರೆ ಎಳೆದಳು. ಅವಳೂ ಮೌನಪ್ಪನೂ ತೋಡಿದರು. ಮೂರು ಅಡಿಗೆ ಜಾಯಿಂಟು ಸಿಕ್ಕಿತು. ಕವಚ ಸೀಳಿದರು. ಒಳಗೆ ಜಿಡ್ಡಿನಲ್ಲಿ ಮುಳುಗಿದ ತಂತಿಯ ಕಂತೆ, ಅದರ ನಡುವಿಗೆ ಬಿಗಿದ ಹಸಿರು ಸೀರೆಯ ಅಂಚು. ಬಣ್ಣ ಮಾಸಿರಲಿಲ್ಲ.

ಅಂಬಾದಾಸ ಬಾಯಿಂದ ಕಡ್ಡಿ ತೆಗೆದು ಬಿಸಾಕಿದ.

ಹಂಪಮ್ಮ ಗುಂಡಿಯಲ್ಲಿ ಕೂತು ಎರಡು ಬಿಳಿ ತಂತಿಯ ಬೆಸುಗೆ ಕತ್ತರಿಸಿದಳು. ಈ ತುದಿಯ ನೀಲಿಯ ಬಿಳಿಯನ್ನು ಆ ತುದಿಯ ನೀಲಿಯ ಬಿಳಿಗೆ, ಕಿತ್ತಳೆಯ ಬಿಳಿಯನ್ನು ಕಿತ್ತಳೆಯ ಬಿಳಿಗೆ ಸುತ್ತಿ ಬೆಸೆದಳು. ಹತ್ತು ನಿಮಿಷವೂ ಆಗಿರಲಿಲ್ಲ, ಚಂದ್ರಹಾಸರ ಮೊಬೈಲು ಹೊಡೆದುಕೊಂಡಿತು. ಕಂಪನಿಯ ಮ್ಯಾನೇಜರ್. “ರೆಂಡೂ ಪೋಯಾಯಿ ಸಾರ್,” ಎಂದ ದನಿ ನಮಗೂ ಕೇಳಿಸಿತು. ಬಿದ್ದು ಏಳುತ್ತಿದ್ದ ಒಂದನೆಯ, ಎರಡನೆಯ ಜೋಡಿ ಎರಡೂ ಈಗ ಪೂರ್ತಿ ಹೋಗಿದ್ದವು.

“ಆತಲ್ರಿ ಕೆಲಸ,” ಎಂದ ಅಂಬಾದಾಸ.

ಹಂಪಮ್ಮ ಕೈ ಒರೆಸಿಕೊಂಡು ಮೇಲೆ ಬಂದಳು. “ಹೋಗಬೇಕ್ರಿ. ಪೆಟ್ಟಿಗಿಯಾಗಿನ ಅದಲಾಬದಲಿ ಇನ್ನ ಹಂಗ ಐತಿ.” ಹಾಗೆಂದು ನಡೆದೇಬಿಟ್ಟಳು. ಅರ್ಧ ಕಿಲೋಮೀಟರ್ ಅವಳ ಹಿಂದೆ ನಾವು. ಏಪ್ರಿಲ್ ಬಿಸಿಲು. ನನ್ನ ಮಂಡಿಯ ಕತೆ ಹೇಳುವುದೇ ಬೇಡ. ನಾನು ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತೆ, ಗೊತ್ತಿಲ್ಲದವರಿಗೂ ಹೊತ್ತಿರಬೇಕು.

ಅವಳು ಕಬ್ಬಿಣದ ಪೆಟ್ಟಿಗೆ ತೆಗೆದು, ಹಿಂಬದಿಗೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡೇ ಎಣಿಸಿದಳು. ಎರಡು ಬಿಳಿ ತಂತಿ ಎಳೆದಳು, ಸ್ಥಳ ಬದಲಿಸಿ ಸಿಕ್ಕಿಸಿದಳು. ನಾವು ಚಂದ್ರಹಾಸರ ಮೊಬೈಲನ್ನೇ ನೋಡುತ್ತ ನಿಂತೆವು. ಒಂದು ನಿಮಿಷ ಏನೂ ಇಲ್ಲ. ಎರಡು ನಿಮಿಷ. ಆಮೇಲೆ ಹೊಡೆದುಕೊಂಡಿತು.

“ನಾಲುಗೂ ವಚ್ಚಾಯಿ ಸಾರ್. ಎನಿಮಿದಿ, ಎನಿಮಿದಿ.” ನಾಲ್ಕೂ ಬಂದಿದ್ದವು. ಎಂಟು.

ಚಂದ್ರಹಾಸ ಅರ್ಧ ಗಂಟೆ ಕಾಯೋಣ ಎಂದರು. ಅರ್ಧ ಗಂಟೆಯಲ್ಲಿ ಒಂದು ಸಲವೂ ಬೀಳಲಿಲ್ಲ. ನಾನು ನಡು ರಸ್ತೆಯಲ್ಲಿ ಅತ್ತೆ. ಯಾರು ನೋಡಿದರೆ ನನಗೇನು. ಹಂಪಮ್ಮ ಮಾತ್ರ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬೆರಳು ಉಜ್ಜಿಕೊಳ್ಳುತ್ತ ಪೆಟ್ಟಿಗೆಗೆ ಒರಗಿ ನಗುತ್ತಿದ್ದಳು. ಅವಳು ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಂಬಾದಾಸ ಅಷ್ಟಕ್ಕೆ ಬಿಡುವವನಲ್ಲ. ಎಕ್ಸ್‌ಚೇಂಜಿಗೆ ವಾಪಸು ಬಂದ ಮೇಲೆ ರಾಗ ತೆಗೆದ. “ಸಾಹೇಬ್ರ, ತಪ್ಪು ಮಾಡೀನಿ ಅಂತ ಆಕಿನ ಒಪ್ಪಿಕೊಂಡಾಳ. ಅಂಥಾಕಿನ್ನ ಜಾಯಿಂಟರ್ ಅಂತ ಬರಿ ಅಂದ್ರ ಹೆಂಗ್ರಿ?”

ಚಂದ್ರಹಾಸ ರಿಜಿಸ್ಟರು ತೆರೆದು ಹಂಪಮ್ಮನನ್ನು ಕೂರಲು ಹೇಳಿದರು. “ಇದರಾಗ ಗುರುಸಿದ್ದಪ್ಪನ ಸಹಿ ಇದ್ದದ್ದರಾಗ ನಿನ್ನವು ಯಾವ್ಯಾವು?”

ಅವಳಿಗೆ ಇಂಗ್ಲಿಷ್ ರಿಜಿಸ್ಟರು ಓದಲು ಬರುವುದಿಲ್ಲ. ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಆ ರಸ್ತೆಗಳಲ್ಲಿ ನಡೆದಳು. ಹುಣಸೆ ಮರದ ಎದುರಿನದು, ಅದು ನೂರು ಜೋಡಿ. ಮಸೀದಿ ಗೋಡೆಯ ಹತ್ತಿರ, ಐವತ್ತು, ಅವತ್ತು ನೀರು ಬಂದಿತ್ತು. ಶಾಲೆಯ ಹಿಂದೆ ಎರಡು. ಹೀಗೆ ಹೇಳುತ್ತ ಹೋದಳು, ಚಂದ್ರಹಾಸ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದರು. ಅರವತ್ತೇಳು ಜಾಯಿಂಟು. ಜಾಗ, ಜೋಡಿ, ತಿಂಗಳು, ಒಂದೂ ರಿಜಿಸ್ಟರಿಗೆ ತಪ್ಪಾಗಲಿಲ್ಲ.

ಆಗ ನಾನು ನನ್ನ ದೂರಿನ ಪುಸ್ತಕಗಳನ್ನು ಹೊತ್ತು ತಂದೆ. ಎಂಟು ವರ್ಷದ ಎಂಟು ಪುಸ್ತಕ, ಅಂಬಾದಾಸನ ತೊಡೆಯ ಮೇಲೇ ಇಟ್ಟೆ. “ತೆಗೆದು ನೋಡು. ಆ ಅರವತ್ತೇಳರಾಗ ಒಂದು ಜಾಯಿಂಟು ನೀರು ಕುಡದು ಕೆಟ್ಟೈತಿ ಅಂತ ತೋರ್ಸು. ಆಮ್ಯಾಲ ನಿನ್ನ ಗಂಡಸ್ರು ಬೆಸೆದವು ಎಷ್ಟು ಕೆಟ್ಟಾವ ಅದನ್ನೂ ಎಣಸು. ನಾ ಚಾ ಕುಡದು ಬರ್ತೀನಿ.”

ಅವನು ಎರಡು ಪುಸ್ತಕ ತಿರುವಿ ಹಾಕಿ ಮೂರನೆಯದನ್ನು ಮುಟ್ಟಲಿಲ್ಲ. ಚಂದ್ರಹಾಸ ಅವನ ಪಟ್ಟಿಯನ್ನು ಎಳೆದುಕೊಂಡು ಜಾಯಿಂಟರುಗಳ ಸಾಲಿನಲ್ಲಿ ಎಲ್ಲರಿಗಿಂತ ಮೇಲೆ ಹಂಪಮ್ಮ ಎಂದು ತಾವೇ ಬರೆದರು. “ನಂದು ತಪ್ಪು ಅಂತ ಬಂದು ಹೇಳಿದ ಜಾಯಿಂಟರನ್ನ ನಾ ಇವತ್ತ ಮೊದಲ ಸಲ ನೋಡೀನಿ. ಇನ್ನ ಹತ್ತು ಕಂಪನಿ ಇಂಥ ಲೈನು ಕೇಳಾಕತ್ತಾವ. ಈಕಿ ಇಲ್ಲದ ನಾ ಒಂದಕ್ಕೂ ಹೂಂ ಅನ್ನಂಗಿಲ್ಲ,” ಎಂದರು.

ಹಂಪಮ್ಮ ಎದ್ದು ಕೈ ಮುಗಿದಳು. ನಾನೂ ಎದ್ದು ಅವಳಿಗೆ ಕೈ ಮುಗಿದೆ. ಅವಳು ಗಾಬರಿಯಾಗಿ, “ಏನ್ ಮಾಡಾಕತ್ತೀರಿ ಬಾಯಾರ,” ಎಂದು ನನ್ನ ಕೈ ಹಿಡಿದು ಇಳಿಸಿದಳು. ಜಿಡ್ಡು ನನ್ನ ಬಳೆಗೆಲ್ಲ ಹತ್ತಿತು.

ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನಮ್ಮ ಗ್ಯಾಂಗು ಕಂಡಿತು. ಎರಡನೆಯ ಕಂಪನಿಯ ಲೈನಿಗಾಗಿ ಇನ್ನೊಂದು ಜಾಯಿಂಟು ತೆರೆಯಬೇಕಿತ್ತು. ನಾನು ಮುಂಚೆಯೇ ಇಳಿದುಬಿಟ್ಟೆ, ನೋಡದೆ ಹೋಗಲು ಕಾಲು ಬರಲಿಲ್ಲ.

ಜಾಯಿಂಟರುಗಳದ್ದು ಒಂದು ರಿವಾಜು. ಜಾಯಿಂಟರ್ ಹಾರೆ ಮುಟ್ಟುವುದಿಲ್ಲ. ಗುಂಡಿ ಆಗುವವರೆಗೆ ನೆರಳಲ್ಲಿ ಕೂತಿರುತ್ತಾನೆ, ಕರೆದಾಗ ಇಳಿಯುತ್ತಾನೆ. ಅದು ಸೊಕ್ಕಲ್ಲ, ಹಾರೆ ಹಿಡಿದ ಕೈ ನಡುಗುತ್ತದೆ, ನಡುಗುವ ಕೈಗೆ ಸಣ್ಣ ತಂತಿ ಸಿಗುವುದಿಲ್ಲ. ಹಂಪಮ್ಮ ಹನ್ನೆರಡು ವರ್ಷ ತಾನೇ ತೋಡಿ, ಅದೇ ಕೈಯಲ್ಲಿ ಬೆಸೆದಿದ್ದಳು.

ಅವತ್ತು ಅಲ್ಲಿ ನಾಲ್ಕು ಗಂಡಸರು ನಿಂತಿದ್ದರು, ಮೌನಪ್ಪನೂ ಸೇರಿ. ಹಾರೆ, ಸಲಿಕೆ ನೆಲದ ಮೇಲೆ. ಅವಳು ಬಂದು ಎತ್ತಿಕೊಳ್ಳುತ್ತಾಳೆ ಎಂದು ಅಭ್ಯಾಸಬಲದಿಂದ ಎಲ್ಲರೂ ಕಾಯುತ್ತಿದ್ದರು. ಅವಳ ಕೈಯೂ ಹಾರೆಯ ಕಡೆ ಹೋದದ್ದನ್ನು ನಾನು ಕಂಡೆ. ಹೋದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಮಣ್ಣಿನ ಮೇಲೆ ಗೆರೆ ತೋರಿಸಿ, ಬೇವಿನ ಮರದ ಕೆಳಗಿದ್ದ ಖಾಲಿ ಕೇಬಲ್ ಡ್ರಮ್ಮಿನ ಮೇಲೆ ಹೋಗಿ ಕೂತಳು.

“ಇಲ್ಲಿ ತೋಡ್ರಿ. ಆದ ಮ್ಯಾಲೆ ಕರೀರಿ,” ಎಂದಳು.

ಯಾರೂ ಅಲುಗಲಿಲ್ಲ. ಒಬ್ಬ ಇನ್ನೊಬ್ಬನ ಮುಖ ನೋಡಿದ. ಹೆಣ್ಣುಮಗಳು ನೆರಳಿಗೆ ಕೂತು ಗಂಡಸರು ಬಿಸಿಲಲ್ಲಿ ತೋಡುವುದು ಆ ಗ್ಯಾಂಗಿನಲ್ಲಿ ಯಾರೂ ಕಂಡಿರದ ಸಂಗತಿ. ಅವಳು ಸೆರಗು ಸರಿ ಮಾಡಿಕೊಂಡು ಎಲ್ಲೋ ನೋಡುತ್ತ ಕೂತಳು. ಕೈ ಎರಡೂ ಮಡಿಲಲ್ಲಿ ಗಟ್ಟಿಯಾಗಿ ಹೆಣೆದುಕೊಂಡಿದ್ದವು. ಅವಳಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನನಗೆ ಗೊತ್ತಿತ್ತು. ಏಳಬೇಡ ತಾಯಿ, ಏಳಬೇಡ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ.

ಕೊನೆಗೆ ಮೌನಪ್ಪ ಅಂಗೈಗೆ ಉಗುಳು ಹಚ್ಚಿಕೊಂಡು ಹಾರೆ ಎತ್ತಿದ. ಅವನು ಎತ್ತಿದ ಮೇಲೆ ಉಳಿದವರೂ ಬಗ್ಗಿದರು. ಅರ್ಧ ಗಂಟೆ ತೋಡಿ, ಬೆವರು ಒರೆಸಿಕೊಂಡು, ಗುಂಡಿಯಿಂದಲೇ ತಂಗಿಯನ್ನು ಕೂಗಿ ಕೇಳಿದ, “ಹಂಪವ್ವ, ಇಷ್ಟು ಸಾಕೇನು?”

ಹಂಪಮ್ಮ ಎದ್ದು ಬಂದು, ಬಗ್ಗಿ, ಒಳಗೆ ನೋಡಿದಳು.

“ಇನ್ನೊಂದು ಗೇಣು, ಅಣ್ಣ,” ಎಂದಳು.

ಮೌನಪ್ಪ ಮತ್ತೆ ತೋಡತೊಡಗಿದ.